ಮಾನ್ವಿ ಹುಡುಗ ಮತ್ತು ನನ್ನ ಸ್ಕ್ರಿಪ್ಟು

ರಾಯಚೂರಿನಲ್ಲಿ ಬಿಇ ಮಾಡುವಾಗ ನನ್ನ ಹತ್ರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಅದರೊಳಗೆ ಲಿನಕ್ಸ್. ದೊಡ್ಡ ತತ್ವ ಏನಿಲ್ಲ, ಅದಕ್ಕೆ ದುಡ್ಡು ಕೊಡಬೇಕಿರಲಿಲ್ಲ ಅಷ್ಟೇ. ದೇವದುರ್ಗದ ಹತ್ತಿರದ ನಮ್ಮೂರಲ್ಲಿ ಅಪ್ಪ ಹತ್ತಿ ಮಾರಿದ ದುಡ್ಡು ಹಾಸ್ಟೆಲ್ ಫೀಸಿಗೇ ಸಾಲುತ್ತಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಸಿಕ್ಕ ಕೆಲಸ ಮಾತ್ರ ವಿಂಡೋಸ್ ಸರ್ವರ್‌ಗಳದ್ದು. ಅಲ್ಲಿ ಪವರ್‌ಶೆಲ್ ಕಲಿತೆ. 2006ರಲ್ಲಿ ಬಂದ ಈ ಶೆಲ್ ರೂಪಿಸಿದವರು ಜೆಫ್ರಿ ಸ್ನೋವರ್. ಲಿನಕ್ಸ್‌ನ ಬ್ಯಾಶ್‌ನಲ್ಲಿ ಒಂದು ಕಮಾಂಡಿನಿಂದ ಇನ್ನೊಂದಕ್ಕೆ ಹರಿಯೋದು ಬರೀ ಅಕ್ಷರ. ಬೇಕಾದ್ದನ್ನು ನಾವೇ ಕತ್ತರಿಸಿ ತೆಗೀಬೇಕು. ಪವರ್‌ಶೆಲ್‌ನಲ್ಲಿ ಆಬ್ಜೆಕ್ಟೇ ಹರಿಯುತ್ತೆ. ಹೆಸರು ಬೇಕಾ, ಗಾತ್ರ ಬೇಕಾ, ಕೇಳಿದರೆ ಸಾಕು. ಮನಸೋತೆ. ಆದರೆ ಮನೆಯ ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ ಅದು ಓಡುತ್ತಿರಲಿಲ್ಲ, ಒಳಗೆ ಹೇಗಿದೆ ಅಂತ ನೋಡೋ ಹಾಗೂ ಇರಲಿಲ್ಲ.

ಅದರಲ್ಲೇ ಒಂದು ಸ್ಕ್ರಿಪ್ಟ್ ಬರೆದೆ. ಸರ್ವರ್‌ಗಳ ಲಾಗ್ ಎಲ್ಲಾ ಜಾಲಾಡಿ ತೊಂದರೆ ಎಲ್ಲಿದೆ ಅಂತ ಹೇಳುತ್ತಿತ್ತು. ಎರಡು ತಾಸಿನ ಕೆಲಸ ಹತ್ತು ನಿಮಿಷಕ್ಕೆ. ಮುಂದೆ ಟೀಮಿಗೆ ಮಾನ್ವಿಯ ಹುಡುಗನೊಬ್ಬ ಸೇರಿದ. "ಅಣ್ಣಾ, ಆ ಸ್ಕ್ರಿಪ್ಟ್ ನನಗೂ ಕೊಡ್ರಿ, ಹೆಂಗ ಬರ್ದೀರಿ ನೋಡ್ತೀನಿ" ಅಂದ. "ಬೇಕಾದಾಗ ಹೇಳು, ನಾನ ರನ್ ಮಾಡಿ ಕೊಡ್ತೀನಿ" ಅಂದೆ. ನಿಜ ಹೇಳಬೇಕೆಂದರೆ ಹೆದರಿಕೆ. ಅದು ನನ್ನೊಬ್ಬನಿಗೇ ಗೊತ್ತಿರೋವರೆಗೆ ನನ್ನ ನೌಕರಿ ಗಟ್ಟಿ. ಊರಿನ ಸಾಲ ಇನ್ನೂ ತೀರಿರಲಿಲ್ಲ.

2016ರ ಆಗಸ್ಟ್ 18. ಮೈಕ್ರೋಸಾಫ್ಟ್ ಪವರ್‌ಶೆಲ್‌ನ ಸೋರ್ಸ್ ಕೋಡನ್ನು ಎಂಐಟಿ ಲೈಸೆನ್ಸಿನಡಿ ಗಿಟ್‌ಹಬ್‌ಗೆ ಹಾಕಿತು. ಲಿನಕ್ಸ್, ಮ್ಯಾಕ್‌ಗೂ ಆಲ್ಫಾ ಆವೃತ್ತಿ ಬಿಟ್ಟಿತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಅಂದಿದ್ದ ಸ್ಟೀವ್ ಬಾಲ್ಮರ್ ನಡೆಸಿದ ಕಂಪನಿ! (ಎಟಿ ಅಂಡ್ ಟಿ 2000ದಲ್ಲೇ ಕಾರ್ನ್ ಶೆಲ್‌ನ ಕೋಡ್ ಬಿಟ್ಟುಕೊಟ್ಟಿತ್ತು, ಹಾಗಾಗಿ ಇದೇ ಮೊದಲಲ್ಲ.) ಇದೇನು ಪುಕ್ಕಟೆ ಪ್ರೀತಿಯಲ್ಲ, ಅವರ ಅಜೂರ್ ಕ್ಲೌಡಿನಲ್ಲೇ ಲಿನಕ್ಸ್ ಗಿರಾಕಿಗಳು ಹೆಚ್ಚುತ್ತಿದ್ದರು. ಇರಲಿ. ಉಬುಂಟುವಿನಲ್ಲಿ ಪವರ್‌ಶೆಲ್ ಹಾಕಿಕೊಂಡು, ದಿನಾ ಬಳಸುವ ಕಮಾಂಡುಗಳ ಕೋಡ್ ಹುಡುಕಿ ಹುಡುಕಿ ಓದಿದೆ. ಇದನ್ನು ಆಮೇಲೆ ಸರಿ ಮಾಡಬೇಕು ಅನ್ನೋ ಥರದ ಟಿಪ್ಪಣಿಗಳು ಅಲ್ಲೂ ಇದ್ದವು. ನಮ್ಮ ಹಾಗೇ!

ಮರುವಾರ ನನ್ನ ಸ್ಕ್ರಿಪ್ಟನ್ನು ಟೀಮಿನ ಫೋಲ್ಡರಿಗೆ ಹಾಕಿದೆ. ಊಟದ ಹೊತ್ತಿಗೆ ಹುಡುಗ ಬಂದು ಪಕ್ಕದಲ್ಲಿ ನಿಂತ.

"ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಿಂಗಳ ಕೊನೀ ದಿನದ ಲಾಗ್ ಇದು ನೋಡದ ಬಿಟ್ಟುಬಿಡ್ತದ."

ಮೂರು ವರ್ಷದಿಂದ ಬಿಡುತ್ತಿತ್ತು.