ಬಂಡೆ ನಾಡಿನ ಹುಡುಗರೇ, ಕಡಲಿಗೆ ಬನ್ನಿ!

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮೇಲೆ ದುಡಿಯುವ ಗೆಳೆಯರಿಗೆ ಬಂಡೆ ಹೊಸದಲ್ಲ. 1975ರ 'ಶೋಲೆ'ಯ ಗಬ್ಬರ್ ಸಿಂಗ್ ಅಬ್ಬರಿಸಿದ್ದು ಪಕ್ಕದ ರಾಮನಗರದ ಬೆಟ್ಟದಲ್ಲೇ ತಾನೇ! ಆದರೆ ಕಡಲು? ಅದನ್ನು ತೆರೆಯ ಮೇಲೆ ಮಾತ್ರ ಕಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಎರಡು ದಿನ ರಜ ಗಿಟ್ಟಿಸಿ. ಗೋಕರ್ಣ, ಕಾರವಾರ ಒಂದು ಸುತ್ತು ಹಾಕೋಣ....

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್. ಅದಕ್ಕೂ ಮೊದಲು ಹೊನ್ನಾವರದ ಶರಾವತಿ ಸೇತುವೆ ಬರುತ್ತೆ, ಮಲಗಿರಬೇಡಿ! ನಮ್ಮ 'ಆಟೋ ರಾಜ' ಶಂಕರ್‌ನಾಗ್ 1954ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಮಲ್ಲಾಪುರದಲ್ಲಿ.

ಗೋಕರ್ಣದ ಮಹಾಬಲೇಶ್ವರನಿಗೆ ಕೈಮುಗಿದು ದಕ್ಷಿಣಕ್ಕೆ ಗುಡ್ಡ ಹತ್ತಿ. ಇಳಿದರೆ ಕುಡ್ಲೆ ದಂಡೆ. ಇನ್ನೊಂದು ಗುಡ್ಡ ದಾಟಿದರೆ ಓಂ ಬೀಚ್. ಎರಡು ಅರ್ಧಚಂದ್ರ, ನಡುವೆ ಕಡಲಿಗೆ ಚಾಚಿದ ಬಂಡೆ, ಮೇಲಿನಿಂದ ನೋಡಿದರೆ ಥೇಟ್ 'ಓಂ'! ಅಲ್ಲಿಗೆ ರಸ್ತೆ ಮುಗೀತು. ಮುಂದಿನ ಹಾಫ್ ಮೂನ್, ಪ್ಯಾರಡೈಸ್‌ಗೆ ಕಾಲುದಾರಿ, ಇಲ್ಲವೇ ದೋಣಿ. ನಾನು ನಡೆದೇ ಹೋದೆ. ಒಂದು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಕೆಳಗೆ ನೊರೆಗಟ್ಟುವ ಕಡಲು. ನೀರಿನ ಬಾಟಲಿ ಮರೆಯಬೇಡಿ. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ, ಕಲ್ಲೆಲ್ಲ ಜಾರುತ್ತೆ.

ಓಂ ಬೀಚಿನಲ್ಲಿ ಒಬ್ಬ ಹುಡುಗ ಎದೆಮಟ್ಟದ ನೀರಿಗೆ ಇಳಿಯುತ್ತಿದ್ದ. ದಡದಲ್ಲಿದ್ದವರೊಬ್ಬರು ಕೂಗಿ ಕರೆದರು.

"ನಂಗೆ ಈಜು ಬರುತ್ತಣ್ಣ!"

"ಎಲ್ಲಿ ಕಲಿತದ್ದು ತಮ್ಮಾ?"

"ನಮ್ಮೂರ ಕೆರೇಲಿ."

"ಕೆರೆ ನೀರು ನಿನ್ನ ಎಳೆಯೋದಿಲ್ಲ. ಇದು ಎಳೀತದೆ. ಬಾ ಮೇಲೆ."

ಲಕ್ಷದ ಮಾತು! ದಡಕ್ಕೆ ಬಂದ ಅಲೆಗಳ ನೀರು ಒಂದು ಸಂದಿಯಲ್ಲಿ ಕೂಡಿಕೊಂಡು ರಭಸವಾಗಿ ಹಿಂದಕ್ಕೆ ಓಡುತ್ತೆ. ಅಲ್ಲಿ ಅಲೆ ಕಮ್ಮಿ, ನೋಡೋಕೆ ಶಾಂತ. ಹೊಸಬರು ಅದನ್ನೇ ಒಳ್ಳೆ ಜಾಗ ಅಂತ ಇಳಿಯುತ್ತಾರೆ. ಸಿಕ್ಕಿಕೊಂಡರೆ ನೇರ ದಡಕ್ಕೆ ಸೆಣಸಿ ಸುಸ್ತಾಗಬೇಡಿ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಆಮೇಲೆ ದಡ.

ಮಾರನೇ ದಿನ ಅಂಕೋಲಾ ಮೇಲೆ ಕಾರವಾರಕ್ಕೆ ಬಸ್ಸು. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದು ನಾಟಕ ಬರೆದಾಗ ಅವರಿಗೆ ಬರೀ 22, ನಿಮ್ಮದೇ ವಯಸ್ಸು! ಎದುರಿಗೆ ದ್ವೀಪಗಳ ಸಾಲು. ಅಂಜದೀವ್ ನೌಕಾಪಡೆಯ ವಶದಲ್ಲಿದೆ, ನಮಗೆ ಪ್ರವೇಶವಿಲ್ಲ. ಕೂರ್ಮಗಡ ಹೆಸರಿಗೆ ತಕ್ಕಂತೆ ಆಮೆಯ ಬೆನ್ನು. ಅಲ್ಲಿ ನರಸಿಂಹ ದೇವರ ಗುಡಿ. ಜನವರಿ ಸುಮಾರಿಗೆ ಜಾತ್ರೆ, ದೋಣಿಗಳ ಸಂಭ್ರಮ.

2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿತು. ಮಕ್ಕಳೂ ಸೇರಿ 16 ಮಂದಿ ಮನೆಗೆ ಬರಲಿಲ್ಲ....

ಹೆದರಿಸೋಕೆ ಹೇಳಿದ್ದಲ್ಲ ಗೆಳೆಯರೇ. ಹೋಗಿ, ಕಣ್ತುಂಬ ನೋಡಿ. ಆದರೆ ತೆರೆಯ ಮೇಲೆ ಹೀರೋ ಅಲೆಗೆ ಹಾರಿದಾಗ ಕಾಯೋಕೆ ಒಂದು ಪಡೆಯೇ ನಿಂತಿರುತ್ತೆ, ನಮಗೆ ಡ್ಯೂಪ್ ಇಲ್ಲ. ಲೈಫ್ ಜಾಕೆಟ್ ಕೊಡದ ದೋಣಿ, ಜನ ತುಂಬಿ ತುಳುಕುವ ದೋಣಿ ಹತ್ತಬೇಡಿ. ದ್ವೀಪ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ದೋಣಿಗೆ ಕಾಯಿರಿ!