ಕೊಳತ್ತೂರಿನ ಮೀನುಬೀದಿಯಲ್ಲಿ



ಚೆನ್ನೈಗೆ ಬಂದ ನೆಂಟರನ್ನು ನಾವೆಲ್ಲ ಮರೀನಾಕ್ಕೆ, ಮೈಲಾಪುರದ ಕಪಾಲೀಶ್ವರನ ಗುಡಿಗೆ, ಟಿ. ನಗರದ ಸೀರೆ ಅಂಗಡಿಗಳಿಗೆ ಕರೆದೊಯ್ಯುತ್ತೇವೆ. ಕೊಳತ್ತೂರಿಗೆ ಯಾರೂ ಕರೆದೊಯ್ಯುವುದಿಲ್ಲ. ನಾನೂ ಇಷ್ಟು ವರ್ಷ ಆ ಕಡೆ ತಲೆಹಾಕಿದವಳಲ್ಲ. ಹೋಗುವಂತೆ ಮಾಡಿದ್ದು ನಮ್ಮ ಮನೆಯಲ್ಲಿದ್ದು ಕಾಲೇಜು ಓದುತ್ತಿರುವ ನನ್ನ ತಂಗಿಯ ಮಗ.

ಅವನು ತನ್ನ ಹುಟ್ಟುಹಬ್ಬದ ಹಣದಲ್ಲಿ ಒಂದು ಗಾಜಿನ ತೊಟ್ಟಿ, ಒಂದು ಜೊತೆ ನೀಲಿ ರ್‍ಯಾಮ್ ಮೀನು ತಂದಿದ್ದ. ಎರಡಂಗುಲದ ಮೀನು, ಮೈತುಂಬ ನೀಲಿ ಚುಕ್ಕಿ, ಕೆಂಪು ಕಣ್ಣು. ಮರಿ ಮಾಡಿಸುತ್ತೇನೆಂದು ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದ. ಸಂಜೆ ನೀರು ತುಂಬಿ ಅದೇ ರಾತ್ರಿ ಮೀನು ಬಿಟ್ಟ. ಹನ್ನೆರಡನೆಯ ದಿನಕ್ಕೆ ಎರಡೂ ತೇಲಿದವು. "ದೊಡ್ಡಮ್ಮ, ನಾನೇ ಕೊಂದುಬಿಟ್ಟೆ" ಎಂದು ಕುಳಿತ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮೀನು ತಾನೇ, ಬಿಡು" ಎನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆ ಸತ್ತವೆಂದು ತಿಳಿಯದೆ ಇನ್ನೊಂದು ಜೀವ ಮನೆಗೆ ತರಬಾರದೆಂದು ಒಂದು ಭಾನುವಾರ ಅವನನ್ನು ಹೊರಡಿಸಿದೆ.

ಮಾಂಬಲದಿಂದ ಲೋಕಲ್ ರೈಲಿನಲ್ಲಿ ಪಾರ್ಕ್ ಸ್ಟೇಷನ್ನಿಗೆ ಬಂದು, ರಸ್ತೆ ದಾಟಿದರೆ ಮೂರ್ ಮಾರ್ಕೆಟ್ ನಿಲ್ದಾಣ. ಹಳೆಯ ಪುಸ್ತಕ, ಹಕ್ಕಿ, ಮೀನು ಎಲ್ಲ ಸಿಗುತ್ತಿದ್ದ ಆ ಹೆಸರಿನ ಪೇಟೆ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ಅಲ್ಲಿ ರೈಲುಗಳಿವೆ. ಅಲ್ಲಿಂದ ಪೆರಂಬೂರು ದಾಟಿ ವಿಲ್ಲಿವಾಕ್ಕಂನಲ್ಲಿ ಇಳಿದು ಆಟೋ ಹಿಡಿದರೆ ಕೊಳತ್ತೂರು. ರಸ್ತೆಯ ಉದ್ದಕ್ಕೂ ಅಂಗಡಿಗಳು. ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮಿಣುಗುವ ಮೀನುಗಳು. ಒಳಬೀದಿಗಳಲ್ಲಿ ನಾವು ಹಿತ್ತಿಲಲ್ಲಿ ಕರಿಬೇವು ಬೆಳೆಸುವಂತೆ ಸಿಮೆಂಟು ತೊಟ್ಟಿಗಳಲ್ಲಿ ಮೀನು ಬೆಳೆಸುವ ಮನೆಗಳಿವೆ.

ಒಂದು ಚಿಕ್ಕ ಅಂಗಡಿಯಲ್ಲಿ ಹುಡುಗ ಮತ್ತೆ ರ್‍ಯಾಮ್ ಮೀನನ್ನೇ ಕೇಳಿದ. ಅಂಗಡಿಯ ಹಿರಿಯರು ಬಲೆಗೆ ಕೈಹಾಕಲಿಲ್ಲ. ನನ್ನ ಕಡೆ ತಿರುಗಿ ತಮಿಳಿನಲ್ಲಿ, "ಅಮ್ಮಾ, ನಿಮ್ಮ ಮನೆಯದು ಯಾವ ನೀರು? ಬೇಳೆ ಬೇಯುತ್ತದೆಯೇ?" ಎಂದು ಕೇಳಿದರು.

ನಾನು ಬೆಪ್ಪಾದೆ. ನಮ್ಮದು ಬೋರ್‌ವೆಲ್ ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಅಡುಗೆಗೆ ಬೇರೆ ನೀರು ತರಿಸುತ್ತೇವೆ. ನಾನು ದಿನವೂ ಗೊಣಗುವ ಈ ಸಂಗತಿಯೇ ಮೀನಿನ ಜಾತಕವೆಂದು ಆಗ ತಿಳಿಯಿತು.

ಇವೆಲ್ಲ ಸಿಕ್ಲಿಡ್ ಎಂಬ ಒಂದೇ ಕುಲದ ಮೀನುಗಳು. ಮೊಟ್ಟೆಯಿಟ್ಟು ಮರೆತು ಹೋಗದೆ ಮರಿಗಳನ್ನು ಕಾಯುವುದು ಈ ಕುಲದ ಗುಣ. ಆದರೆ ಒಂದೊಂದಕ್ಕೆ ಒಂದೊಂದು ನೀರು. ರ್‍ಯಾಮ್‌ನ ತವರು ವೆನೆಜುವೆಲಾ, ಕೊಲಂಬಿಯಾಗಳ ಒರಿನೋಕೊ ಬಯಲು; ಅದಕ್ಕೆ ಮಳೆನೀರಿನಂಥ ಮೆದು ನೀರು ಬೇಕು. ನೈಜೀರಿಯಾ ಕಡೆಯ ಕ್ರಿಬೆನ್ಸಿಸ್ ಸ್ವಲ್ಪ ಹೊಂದಿಕೊಳ್ಳುವ ಜೀವ. ತೆಂಗಿನ ಕರಟವೊಂದನ್ನು ಬಾಗಿಲು ಕೊರೆದು ಬೋರಲು ಹಾಕಿದರೆ ಅದರೊಳಗೇ ಸಂಸಾರ ಹೂಡುತ್ತದೆ. ಆಫ್ರಿಕದ ಟಾಂಗಾನಿಕಾ ಸರೋವರದ ಗಡಸು ನೀರಿನಲ್ಲಿ ಖಾಲಿ ಬಸವನಹುಳುವಿನ ಚಿಪ್ಪಿನೊಳಗೇ ಬಾಳುವ ಎರಡಂಗುಲಕ್ಕಿಂತ ಚಿಕ್ಕ ಮೀನೂ ಇದೆ.

ಆ ಹಿರಿಯರು ತೋರಿಸಿದ್ದು ಮಾತ್ರ ಇವಾವುದೂ ಅಲ್ಲ. ಮೂಲೆಯ ತೊಟ್ಟಿಯಲ್ಲಿ ಮಂಕಾಗಿ ನಿಂತಿದ್ದ ಹಳದಿ ಮೀನು, ಆರೆಂಜ್ ಕ್ರೋಮೈಡ್. ಬೆಳೆದರೆ ಮೂರು ಅಂಗುಲ. ದಕ್ಷಿಣ ಭಾರತ, ಶ್ರೀಲಂಕಾಗಳ ಹೊಳೆ, ಅಳಿವೆಗಳೇ ಅದರ ಊರು. ಸಿಹಿನೀರು, ಉಪ್ಪುನೀರು ಬೆರೆಯುವಲ್ಲಿ ಎರಡಕ್ಕೂ ಒಗ್ಗಿ ಬದುಕುವ ಮೀನು. ಹುಡುಗನ ಮುಖ ಸಪ್ಪಗಾಯಿತು. ಇಲ್ಲಿಯದೇ ಮೀನಾದರೆ ಅದರಲ್ಲೇನು ಹೆಚ್ಚುಗಾರಿಕೆ? ಗಂಡು ಹೆಣ್ಣು ಗುರುತಿಸುವುದು ಕಷ್ಟವಾದ್ದರಿಂದ ಆರು ಎಳೆಯ ಮೀನು ಕೊಂಡು, ಜೊತೆಯನ್ನು ಅವೇ ಆರಿಸಿಕೊಳ್ಳಲಿ ಎಂದರು ಹಿರಿಯರು. ಆದರೆ ಆ ದಿನ ಮೀನು ಕೊಡಲಿಲ್ಲ. "ತಿಂಗಳು ಬಿಟ್ಟು ಬನ್ನಿ" ಎಂದು ಬರಿಗೈಯಲ್ಲಿ ಕಳಿಸಿದರು!

ಕಾರಣ ಹೀಗಿದೆ. ಮೀನಿನ ಮಲ, ಮಿಕ್ಕ ಆಹಾರಗಳಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ಮೂರು ನಾಲ್ಕು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರು ಬಡಿಸಲಾದೀತೆ? ನಮ್ಮ ರ್‍ಯಾಮ್ ಜೊತೆಗೆ ಒಗ್ಗದ ನೀರೂ ಸಿಕ್ಕಿತ್ತು, ಹೆಪ್ಪುಗಟ್ಟದ ತೊಟ್ಟಿಯೂ ಸಿಕ್ಕಿತ್ತು. ಹುಡುಗ ಕೊಂದದ್ದು ಕ್ರೌರ್ಯದಿಂದಲ್ಲ, ಅವಸರದಿಂದ.

ತಿಂಗಳು ಕಾದೆವು. ಹಿರಿಯರು ಹೇಳಿದಂತೆ ಚಿಟಿಕೆ ಚಿಟಿಕೆ ಆಹಾರ ಹಾಕಿ ಖಾಲಿ ತೊಟ್ಟಿಯ ಫಿಲ್ಟರನ್ನು ಓಡಿಸಿದೆವು. ನೀರನ್ನು ಪರೀಕ್ಷಿಸಿ ಅಮೋನಿಯಾ ಇಲ್ಲವೆಂದು ಖಚಿತ ಮಾಡಿಕೊಂಡೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಸುಮಾರು 55 ಲೀಟರು ಹಿಡಿಯುತ್ತದೆ. ತಳಕ್ಕೆ ಮರಳು, ಒಂದು ಮಂಗಳೂರು ಹೆಂಚಿನ ಚೂರು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು. ಆರರಲ್ಲಿ ಎರಡು ಜೊತೆಯಾಗಿ ಹೆಂಚನ್ನು ಕಾಯತೊಡಗಿದಾಗ ಉಳಿದ ನಾಲ್ಕನ್ನು ಅಂಗಡಿಗೆ ಹಿಂತಿರುಗಿಸಿದೆವು. ಮೊದಲ ಸಲದ ಮೊಟ್ಟೆಗಳನ್ನು ಅವೇ ತಿಂದವು. ಎಳೆಯ ಜೊತೆಗಳಲ್ಲಿ ಅದು ಸಹಜ. ಎರಡನೆಯ ಸಲ ಗಂಡು ಹೆಣ್ಣು ಸರದಿಯಲ್ಲಿ ರೆಕ್ಕೆ ಬೀಸಿ ಮೊಟ್ಟೆಗಳಿಗೆ ಗಾಳಿ ಹಾಕಿದವು. ಮರಿಗಳು ಈಜತೊಡಗಿದ ಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಮರಿಗಳು ತಂದೆತಾಯಿಯ ಪಕ್ಕೆಗೆ ಬಂದು ಬಂದು ತಾಗುತ್ತಿದ್ದವು. ದೊಡ್ಡವುಗಳ ಮೈಮೇಲಿನ ಲೋಳೆಯೇ ಅವುಗಳಿಗೆ ಆಹಾರ. ಅಂಗಡಿಯಲ್ಲಿ ಮಂಕಾಗಿದ್ದ ಮೀನು ಆಗ ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರಿನಲ್ಲಿ ಆರ್ಟೀಮಿಯಾ ಮೊಟ್ಟೆ ಒಡೆಯಿಸಿ ಮರಿಗಳಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಇನ್ನೊಂದು ಮಾತು. ಸಾಕಲಾಗದಿದ್ದರೆ ಮೀನನ್ನು ಅಂಗಡಿಗೋ ಗೆಳೆಯರಿಗೋ ಕೊಡಿ. ಕೆರೆಗೆ, ಹೊಳೆಗೆ ಬಿಡಬೇಡಿ. ಜನ ಜಿಲೇಬಿ ಮೀನೆನ್ನುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಆಫ್ರಿಕದ ಆ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂದು ಕೆರೆಕೆರೆಗೂ ಹಬ್ಬಿ, ಇಲ್ಲಿಯ ಮೀನುಗಳ ಜಾಗ ಕಸಿದಿದೆ. ನಮ್ಮ ದಕ್ಷಿಣ ಕನ್ನಡದ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಸಿಕ್ಲಿಡ್ ಆ ಸೀಮೆಯ ಹೊಳೆಗಳಲ್ಲಷ್ಟೇ ಇದೆ. ಮುಂದಿನ ಸಲ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದಾಗ ಕುಮಾರಧಾರೆಯಲ್ಲಿ ಮುಳುಗು ಹಾಕುವ ಮುನ್ನ ಒಂದು ಗಳಿಗೆ ನೀರನ್ನು ನೋಡಿ. ಹಿಡಿದು ತರಲು ಅಲ್ಲ, ಅದರ ಮನೆ ಹೇಗಿದೆಯೆಂದು ತಿಳಿಯಲು.

ಮೊನ್ನೆ ಗೆಳೆಯನೊಬ್ಬ ಮರಿ ಕೇಳಿಕೊಂಡು ಮನೆಗೆ ಬಂದಿದ್ದ. ನಮ್ಮ ಹುಡುಗ ಬಲೆ ಎತ್ತಿಕೊಳ್ಳಲೇ ಇಲ್ಲ. ಗಂಭೀರವಾಗಿ ಕೇಳಿದ: "ಮೊದಲು ಹೇಳು, ನಿಮ್ಮ ಮನೇಲಿ ಬೇಳೆ ಬೇಯುತ್ತಾ?"