ಕುರ್ಚಿ ಕಾಲಿನ ಕೆಂಪು ಉಂಗುರ

ನಮ್ಮ ಹಾಸ್ಟೆಲ್ ಟೆರೇಸಿನ ಕಬ್ಬಿಣದ ಕುರ್ಚಿಗಳಿಗೆ ಪ್ರತಿ ವರ್ಷ ಪೇಂಟ್ ಆಗುತ್ತೆ. ಆದರೂ ಮಳೆ ಶುರುವಾದರೆ ಸಾಕು, ನೆಲದ ಮೇಲೆ ನಾಲ್ಕು ಕೆಂಪು ಉಂಗುರ. ಉಜ್ಜೋರು ಮಾತ್ರ ಕ್ಲೀನಿಂಗ್ ಅಕ್ಕ. ಬ್ಲೀಚಿಂಗ್ ಪೌಡರಿಗೆ ಕಲೆ ಹೋಗಲ್ಲ, ಇನ್ನೂ ಗಟ್ಟಿಯಾಗುತ್ತೆ. ಅದೂ ಆಕ್ಸಿಡೈಸ್ ಮಾಡೋ ವಸ್ತುವೇ ತಾನೆ. ಆಸಿಡ್ ಹಾಕಿದರೆ ಸಿಮೆಂಟ್ ಸವೆಯುತ್ತೆ, ಅಕ್ಕನ ಕೈಯೂ.

ಒಂದು ಕುರ್ಚಿಯನ್ನು ತಲೆಕೆಳಗೆ ಮಾಡಿ ನೋಡಿದೆವು. ಕಾಲಿನ ರಬ್ಬರ್ ಬುಷ್ ಹರಿದಿತ್ತು, ಟೊಳ್ಳು ಪೈಪಿನೊಳಗಿಂದ ಕೆಂಪು ನೀರು ಸುರೀತು. ಪೇಂಟೆಲ್ಲ ಹೊರಗೆ, ತುಕ್ಕೆಲ್ಲ ಒಳಗೆ! ನೀರಲ್ಲಿ ಕರಗಿದ ಕಬ್ಬಿಣ ಸಿಮೆಂಟಿನ ಸಣ್ಣ ರಂಧ್ರಗಳಿಗಿಳಿದು ಅಲ್ಲೇ ತುಕ್ಕಾಗುತ್ತೆ. ಅಲ್ಲಿಗೆ ಬ್ರಷ್ ತಲುಪೋದೇ ಇಲ್ಲ.

ಈ ಸಲ ಪೈಪ್ ಒಣಗಿಸಿ, ತುಕ್ಕು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲಿನ ಸಂದುಗಳನ್ನು ಎಂ-ಸೀಲಿನಿಂದ ಮುಚ್ಚಿ, ಹೊಸ ಬುಷ್ ಹಾಕಿದ್ದೇವೆ. ಮಳೆ ಬಂದಾಗ ಕುರ್ಚಿ ಒಳಗೆತ್ತಿಡೋ ಸರದಿ ಪಟ್ಟಿ ಟೆರೇಸ್ ಬಾಗಿಲಲ್ಲಿದೆ. ನಿಮ್ಮ ರೂಮ್ ನಂಬರೂ ಇದೆ, ನೋಡ್ಕೊಳ್ಳಿ.